ಕರ್ಣಕ್ಕೆ ಸಾಕ್ಷಿ

ಕೇರಳದ ಅಂಬಲಮುಗಳಿನ ರಿಫೈನರಿಯಲ್ಲಿ ಪಾಳಿ ಮುಗಿಸಿ ಬಂದು, ಈ ವಯಸ್ಸಿನಲ್ಲಿ ರೇಖಾಗಣಿತ ಕಲಿಯುತ್ತಿದ್ದೇನೆ. ಮೈಸೂರಿನಲ್ಲಿರುವ ತಂಗಿಯ ಮಗಳೇ ವಿಡಿಯೋ ಕಾಲ್‌ನಲ್ಲಿ ಮೇಷ್ಟ್ರು. ಲಂಬಕೋನ ತ್ರಿಭುಜದಲ್ಲಿ ಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತ ಎಂದಳು, ನಂಬಿದೆ. “ನಂಬಬೇಡಿ ಮಾಮ, ಕತ್ತರಿಸಿ ನೋಡಿ” ಎಂದಳು.

ಬಾಹುಗಳ ಮೇಲಿನ ರಟ್ಟಿನ ಎರಡು ಚೌಕಗಳ ತುಂಡುಗಳು ಕರ್ಣದ ಮೇಲಿನ ದೊಡ್ಡ ಚೌಕದಲ್ಲಿ ಸರಿಯಾಗಿ ಕೂತವು.

ಆಪ್ತವಾಕ್ಯವೂ, ಅಂದರೆ ನಂಬಿಕಸ್ಥರ ಮಾತೂ, ಅರಿವಿಗೆ ಪ್ರಮಾಣವೆಂದು ನ್ಯಾಯದರ್ಶನದ ನೈಯಾಯಿಕರು ಒಪ್ಪುತ್ತಾರೆ. ಹಾಗಿದ್ದರೆ ಕತ್ತರಿ ಏಕೆ? ಬೌಧಾಯನ ಶುಲ್ಬಸೂತ್ರ ಯಜ್ಞವೇದಿ ಕಟ್ಟುವವರಿಗೆ ಈ ನಿಯಮವನ್ನು ಹೇಳಿ ಮುಂದೆ ಹೋಗುತ್ತದೆ. 16ನೇ ಶತಮಾನದಲ್ಲಿ ಇದೇ ಕೇರಳದ ಜ್ಯೇಷ್ಠದೇವರು ಮಲಯಾಳದ ‘ಯುಕ್ತಿಭಾಷಾ’ದಲ್ಲಿ ಅದಕ್ಕೆ ಉಪಪತ್ತಿ (ಸಾಧನೆ) ಬರೆದರು, ಚೌಕಗಳನ್ನು ಕತ್ತರಿಸಿ ಜೋಡಿಸಿಯೇ. ಇಟ್ಟಿಗೆ ಕೂರಿಸಲು ನಿಯಮ ಸಾಕಿತ್ತು. ಆದರೂ ಕಾರಣ ಕೇಳುವುದು ಅಶ್ರದ್ಧೆ ಎಂದು ನಾನಂತೂ ಒಪ್ಪಲಾರೆ. ಹೇಳಿದವರ ಮೇಲಿನ ಗೌರವವೇ ಕಾರಣ ಕೇಳುವಂತೆ ಮಾಡುತ್ತದೆ.

ಈಗ ಸೋದರಸೊಸೆಯ ಮುಂದೆ ಇಟ್ಟಿರುವ ಪ್ರಶ್ನೆ: ಯೂಕ್ಲಿಡ್ ಹೇಳುವ, ಭಾಗವೇ ಇಲ್ಲದ ಬಿಂದುವನ್ನು ಯಾವ ಕತ್ತರಿ ತೋರಿಸೀತು?