ನಡುಕ ಯಾರದು?

ಕಾರಣವೆಂದರೇನು ಎಂಬುದನ್ನು ತರ್ಕಶಾಸ್ತ್ರದ ಪುಸ್ತಕಗಳಿಂದ ಕಲಿಯುವುದು ಒಂದು ದಾರಿ. ಹಳೆಯ ಕಾರೊಂದನ್ನು ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಖರ್ಚು ಹೆಚ್ಚು, ಆದರೆ ಪಾಠ ಬೇಗ ಮರೆಯುವುದಿಲ್ಲ.

ನನ್ನ ಕಾರಿಗೆ ಹನ್ನೊಂದು ವರ್ಷ. ಅದಕ್ಕೆ ಅಂಟಿಕೊಂಡಿದ್ದ ವ್ಯಾಧಿ ಇಷ್ಟು: ಸಿಗ್ನಲ್ಲಿನಲ್ಲಿ ನಿಂತಿರುವಾಗ ಎ.ಸಿ. ಹಾಕಿದರೆ ಸ್ಟೀರಿಂಗು, ಸೀಟು, ಕನ್ನಡಿ ಎಲ್ಲವೂ ಚಳಿಜ್ವರ ಬಂದಂತೆ ನಡುಗುತ್ತಿದ್ದವು. ನಿಲ್ಲಿಸಿದರೆ ನಡುಕವೂ ನಿಲ್ಲುತ್ತಿತ್ತು. ಇದ್ದಾಗ ಇದೆ, ಇಲ್ಲದಾಗ ಇಲ್ಲ. ನಮ್ಮ ನೈಯಾಯಿಕರು ಅನ್ವಯ-ವ್ಯತಿರೇಕ ಎಂದದ್ದು ಇದನ್ನೇ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕೆ? ಮೊದಲು ತೋರಿಸಿದ ಗ್ಯಾರೇಜಿನವನಿಗೆ ಬೇಕಾಗಲಿಲ್ಲ. “ಎ.ಸಿ. ಪ್ರಾಬ್ಲಮ್ಮು ಸಾರ್. ಸಿಗ್ನಲ್ಲಲ್ಲಿ ಆಫ್ ಮಾಡ್ಕೊಳಿ, ಸರಿಹೋಗುತ್ತೆ” ಎಂದ. ಸರಿಯೂ ಹೋಯಿತು, ಮೇ ತಿಂಗಳ ಮಧ್ಯಾಹ್ನ ಕಿಟಕಿ ತೆರೆದು ಬಸ್ಸಿನ ಹೊಗೆ ಕುಡಿಯುವುದನ್ನು ಸರಿಹೋಗುವುದೆಂದು ಕರೆಯಬಹುದಾದರೆ.

ಆದರೆ ನೆರೆಮನೆಯವರ ಹೊಸ ಕಾರಿನಲ್ಲಿಯೂ ಎ.ಸಿ. ಇದೆ, ಅದು ನಡುಗುವುದಿಲ್ಲ. ಇಲ್ಲಿಯೇ ತೊಡಕು. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಬೆಂಕಿ-ಹೊಗೆಗಳ ಮಾತು ನೆನಪಿರಬೇಕು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಈ ಮೂರನೆಯ ಸಂಗತಿಗೆ ಅವರು ಕೊಟ್ಟ ಹೆಸರು ‘ಉಪಾಧಿ’. ನೆರೆಮನೆಯ ಕಾರು ಕಬ್ಬಿಣದ ಗುಂಡು. ಹಾಗಾದರೆ ನನ್ನ ಕಾರಿನ ಹಸಿ ಸೌದೆ ಯಾವುದು?

ಎ.ಸಿ.ಯ ಕಂಪ್ರೆಸರ್ ತಾನಾಗಿ ತಿರುಗುವಂಥದಲ್ಲ. ನಮ್ಮ ಸಾಧಾರಣ ಕಾರುಗಳಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ಅದನ್ನು ತಿರುಗಿಸಬೇಕು. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ ಸುಮಾರು 750 ಸುತ್ತು ಹಾಕುತ್ತ, ತನ್ನ ಉಸಿರಿಗೆ ಸಾಲುವಷ್ಟೇ ದುಡಿಯುತ್ತಿರುತ್ತದೆ. ಬಟನ್ ಒತ್ತಿದೊಡನೆ ಕಂಪ್ರೆಸರ್ ಬಂದು ಆ ಬಡ ಸಂಪಾದನೆಯಲ್ಲಿ ಪಾಲು ಕೇಳುತ್ತದೆ. ಆರೋಗ್ಯವಾದ ಎಂಜಿನ್ನಾದರೆ ತುಸು ಹೆಚ್ಚು ಗಾಳಿಯನ್ನೂ ಪೆಟ್ರೋಲನ್ನೂ ಎಳೆದುಕೊಂಡು ಸುಧಾರಿಸಿಕೊಳ್ಳುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ, ಪ್ಲಗ್ಗು ಸವೆದಿದ್ದರೆ ಏದುಸಿರು ಬಿಡುತ್ತದೆ. ಇನ್ನೊಂದು ಸಂಗತಿಯಿದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ಸಲ ಬೆಂಕಿ ಹೊತ್ತುತ್ತದೆ, ಅಂದರೆ ಸೆಕೆಂಡಿಗೆ 25 ಗುದ್ದು. ಎ.ಸಿ. ಹಾಕಿರಲಿ ಬಿಡಲಿ, ಈ ಗುದ್ದು ತಪ್ಪಿದ್ದಲ್ಲ. ಅದು ನಮ್ಮ ಬೆನ್ನಿಗೆ ತಿಳಿಯದಿರುವುದಕ್ಕೆ ಎಂಜಿನ್ನಿನ ಕೆಳಗೆ ಕೂತ ಮೂರು ನಾಲ್ಕು ಮೌಂಟಿಂಗುಗಳು ಕಾರಣ. ಅವುಗಳೊಳಗಿನ ರಬ್ಬರು ಅದನ್ನು ನುಂಗಿಕೊಳ್ಳುತ್ತದೆ. ಕಾರು ನಯವಾಗಿದೆ ಎಂದು ನಾವು ಹೊಗಳುವುದು ಬಹುಮಟ್ಟಿಗೆ ಈ ರಬ್ಬರಿನ ಮೌನವನ್ನು.

ಎರಡನೆಯ ಗ್ಯಾರೇಜಿನ ಮೇಸ್ತ್ರಿ ವಯಸ್ಸಾದವರು, ಮಾತು ಕಡಮೆ. ಅವರು ಎ.ಸಿ. ಹಾಕಲೇ ಇಲ್ಲ. ಹೆಡ್‌ಲೈಟು ಹಚ್ಚಿದರು, ಹಿಂದಿನ ಗಾಜಿನ ಹೀಟರ್ ಹಾಕಿದರು, ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಹಿಡಿದರು. ಅಷ್ಟು ಜೋರಾಗಿಯಲ್ಲದಿದ್ದರೂ ಕಾರು ನಡುಗಿತು. “ನೋಡಿ ಸಾರ್, ಬೇರೆ ಲೋಡಿಗೂ ಆಡ್ತದೆ” ಎಂದರು. ಆಮೇಲೆ ಎ.ಸಿ. ಹಾಕಿ, ರೇಸ್ ಮಾಡಿ 1500 ಸುತ್ತಿಗೆ ಏರಿಸಿದಾಗ ನಡುಕ ಕರಗಿತು. ಹೊರೆಯನ್ನು ಬದಲಿಸಿ ನೋಡುವ ಈ ಪರೀಕ್ಷೆಯೇ ಇಡೀ ವಿಷಯದ ಜೀವಾಳ. ಬೇರೆ ಯಾವ ಭಾರಕ್ಕೂ ಅಲುಗದೆ ಎ.ಸಿ.ಗೆ ಮಾತ್ರ ನಡುಗಿದ್ದರೆ ಸಂಶಯ ಎ.ಸಿ.ಯ ಮೇಲೆ ತಿರುಗುತ್ತಿತ್ತು: ಕಂಪ್ರೆಸರಿನ ಬೇರಿಂಗು ಹೋಗಿರಬಹುದು, ಗ್ಯಾಸು ಅತಿಯಾಗಿ ತುಂಬಿರಬಹುದು, ಫ್ಯಾನಿನ ರೆಕ್ಕೆ ಮುರಿದಿರಬಹುದು. ಹೊರೆಯೆಲ್ಲ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ವಿಚಾರಣೆಯಿಲ್ಲದೆ ಶಿಕ್ಷೆ ಬೇಡ ಎನ್ನುತ್ತಿದ್ದೇನೆ, ಅಷ್ಟೆ.

ವಿಚಾರಣೆಯಿಲ್ಲದ ಶಿಕ್ಷೆ ನಮ್ಮಲ್ಲಿ ಗ್ಯಾರೇಜಿಗಿಂತ ಮನೆಗಳಲ್ಲಿ ಹೆಚ್ಚು. ‘ಕಾಲ್ಗುಣ’ ಎಂಬ ಮಾತು ಇದೆಯಷ್ಟೆ. ನನ್ನ ಬಂಧುಗಳ ಮನೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರು ಕೂಡಿ ಬಾಳುತ್ತಿದ್ದರು. ತೋಟದ ಉತ್ಪತ್ತಿಯ ಲೆಕ್ಕವನ್ನು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕಿರಿಯವನ ಹೆಂಡತಿ ಬಂದು ಆರು ತಿಂಗಳಾದ ಮೇಲೆ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದಳು. ಅಂದಿನಿಂದ ಜಗಳ. ಆಕೆ ತವರಿಗೆ ಹೋದರೆ ಮನೆ ಶಾಂತ, ಮರಳಿದರೆ ಮತ್ತೆ ಕಲಹ. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು! ಹಿರಿಯರು ಮೊದಲ ಗ್ಯಾರೇಜಿನವನ ಚಿಕಿತ್ಸೆಯನ್ನೇ ಹೇಳಿದರು: ಆಕೆ ಕೆಲವು ಕಾಲ ತವರಿನಲ್ಲಿಯೇ ಇರಲಿ.

ಬೇರೆ ಹೊರೆಗೆ ಆ ಮನೆ ಅಲುಗಿತ್ತೇ? ಅಲುಗಿತ್ತು. ಆಕೆ ಬರುವುದಕ್ಕೆ ಎಷ್ಟೋ ಮೊದಲು, ಯಜಮಾನರು ಆಸ್ಪತ್ರೆ ಸೇರಿದಾಗ ಹಣ ಯಾರು ಕೊಡಬೇಕೆಂದು ಮಕ್ಕಳು ಮೂವರೂ ವಾರಗಟ್ಟಲೆ ಮುಖ ನೋಡಿಕೊಂಡಿರಲಿಲ್ಲ. ಅದನ್ನು ನುಂಗಿದವರು ಅವರ ತಾಯಿ. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮೆದುಮಾಡಿ ಮುಟ್ಟಿಸುತ್ತ, ತನ್ನ ಬಳೆ ಅಡವಿಟ್ಟು, ಕೇಳಿದವರಿಗೆ ‘ಏನೂ ಇಲ್ಲಪ್ಪ’ ಎನ್ನುತ್ತ ಮೂವತ್ತು ವರ್ಷ ಕಳೆದವರು ಅವರು. ಸೊಸೆ ಬಂದ ವರ್ಷವೇ ಮಂಡಿನೋವು ಹೆಚ್ಚಾಗಿ ಅವರು ಮೂಲೆಯ ಮಂಚ ಹಿಡಿದಿದ್ದರೆಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಬಿರುಕು ಬಿಟ್ಟ ಮೌಂಟಿಂಗನ್ನು ಮೇಸ್ತ್ರಿ ನನ್ನ ಕೈಗೆ ಕೊಟ್ಟಾಗ, ಇದು ಹೇಗೆ ಕೆಟ್ಟಿತು ಎಂದು ಕೇಳಿದ್ದೆ. “ಕೆಟ್ಟಿಲ್ಲ ಸಾರ್, ಇಷ್ಟು ವರ್ಷ ತಡೀತಲ್ಲ” ಎಂದರು. ಆ ರಬ್ಬರನ್ನು ದೋಷವೆಂದು ಕರೆಯುವುದಕ್ಕೆ ನನಗೂ ನಾಲಗೆ ಏಳಲಿಲ್ಲ. ಹಾಗೆಂದು ಬಟನ್ ಒತ್ತಿದ ಬೆರಳನ್ನು ದೂರುವುದಕ್ಕೂ ಆಗದು. ಸೊಸೆಯಲ್ಲ, ಅತ್ತೆಯಲ್ಲ ಎಂದಾದ ಮೇಲೆ ಉಳಿಯುವವರು ಆ ಮೂವರು. ಗುದ್ದು ತಮ್ಮದೆಂದು ಅವರಿಗೆ ಈವರೆಗೆ ತಿಳಿಯಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಆ ಹುಡುಗಿ ಈಗಲೂ ತವರಿನಲ್ಲಿದ್ದಾಳೆ. ಕರೆತರುವ ಮಾತೆತ್ತಿದರೆ, ಈಗ ಮನೆ ನೆಮ್ಮದಿಯಾಗಿದೆಯಲ್ಲ ಎನ್ನುತ್ತಾರೆ. ಅತ್ತೆಯೊಬ್ಬರು ಮಾತ್ರ ಮಂಚದ ಮೇಲಿಂದಲೇ, ತೋಟದ ಲೆಕ್ಕದ ಪುಸ್ತಕ ಎಲ್ಲಿದೆಯೆಂದು ಈಚೆಗೆ ಮಕ್ಕಳನ್ನು ದಿನವೂ ಕೇಳತೊಡಗಿದ್ದಾರೆ.