ಪುರಾಣ, ಚರಿತ್ರೆ, ಸಾಹಿತ್ಯ: ಮೌಲ್ಯಗಳ ಮೂರು ಸಾಕ್ಷಿಗಳು

ಒಂದು ಸಮಾಜ ಯಾವುದನ್ನು ಒಳ್ಳೆಯದೆಂದು ನಂಬಿ, ಅದಕ್ಕಾಗಿ ಕಷ್ಟನಷ್ಟ ಸಹಿಸಲು ಸಿದ್ಧವಾಗುತ್ತದೆಯೋ ಅದೇ ಆ ಸಮಾಜದ ಮೌಲ್ಯ. ಸತ್ಯ, ಕರುಣೆ, ಸ್ವಾತಂತ್ರ್ಯ, ಸಮಾನತೆ ಮಾತಿನಲ್ಲಿ ಎಲ್ಲರಿಗೂ ಒಪ್ಪಿಗೆಯೇ. ಎರಡು ಮೌಲ್ಯಗಳು ಎದುರುಬದುರಾಗಿ, ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿ ಬಂದಾಗ ಅವುಗಳ ನಿಜವಾದ ತೂಕ ತಿಳಿಯುತ್ತದೆ. ಇಂಥ ಇಕ್ಕಟ್ಟಿನ ಗಳಿಗೆಗಳನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವುದು ಪುರಾಣ, ಚರಿತ್ರೆ ಮತ್ತು ಸಾಹಿತ್ಯದ ಕೆಲಸ.

ಈ ಮೂರರ ರೀತಿ ಬೇರೆ ಬೇರೆ. 11ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಉಪದೇಶದ ಬಗೆಗಳನ್ನು ವಿಂಗಡಿಸುತ್ತಾನೆ: ವೇದ ಒಡೆಯನಂತೆ ಅಪ್ಪಣೆ ಕೊಡುತ್ತದೆ, ಪುರಾಣ-ಇತಿಹಾಸಗಳು ಗೆಳೆಯನಂತೆ ತಿಳಿಹೇಳುತ್ತವೆ, ಕಾವ್ಯ ಕಾಂತೆಯಂತೆ ಮನಸ್ಸನ್ನು ಒಲಿಸಿಕೊಳ್ಳುತ್ತದೆ. ಗ್ರೀಸಿನ ಅರಿಸ್ಟಾಟಲ್ ಚರಿತ್ರೆ ನಡೆದದ್ದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದದ್ದನ್ನು ಹೇಳುತ್ತದೆ ಎಂದು ಭೇದ ಮಾಡಿದ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲೆಯ ಕರಾವಳಿಯಲ್ಲಿ ಪುರಾಣ, ಚರಿತ್ರೆ, ಸಾಹಿತ್ಯ ಮೂರೂ ಪಕ್ಕಪಕ್ಕದಲ್ಲೇ ಕಾಣಸಿಗುತ್ತವೆ.

ಪುರಾಣದಿಂದ ಆರಂಭಿಸಬಹುದು. ರಾವಣ ತಾಯಿಯ ಪೂಜೆಗಾಗಿ ಶಿವನಿಂದ ಆತ್ಮಲಿಂಗ ಪಡೆದು ಲಂಕೆಗೆ ಹೊರಟ. ದಾರಿಯಲ್ಲಿ ಅದನ್ನು ನೆಲಕ್ಕಿಡಬಾರದು ಎಂಬುದು ಕಟ್ಟಳೆ. ಗೋಕರ್ಣದ ಬಳಿ ವಿಷ್ಣು ತನ್ನ ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ತಿಳಿದ ರಾವಣ ವಟುವಿನ ವೇಷದ ಗಣಪತಿಯ ಕೈಗೆ ಲಿಂಗ ಕೊಟ್ಟು ಸಂಧ್ಯಾವಂದನೆಗೆ ಹೋದ. ವಟು ಮೂರು ಸಲ ಕೂಗಿ, ರಾವಣ ಬರುವಷ್ಟರಲ್ಲಿ ಲಿಂಗವನ್ನು ನೆಲಕ್ಕಿಟ್ಟ. ಅದನ್ನು ಕೀಳಲಾಗದ ಸಿಟ್ಟಿಗೆ ರಾವಣ ಎಸೆದ ಹೊದಿಕೆಗಳು ಬಿದ್ದ ಜಾಗಗಳಲ್ಲಿ ಕಾರವಾರದ ಸಜ್ಜೇಶ್ವರವೂ ಒಂದೆಂದು ಸ್ಥಳಪುರಾಣ ಹೇಳುತ್ತದೆ.

ಈ ಕಥೆಯನ್ನು ದುಷ್ಟನ ಸೋಲು ಎಂದಷ್ಟೇ ಓದಿದರೆ ಅದರ ಅರ್ಧ ಅರ್ಥ ಕೈತಪ್ಪುತ್ತದೆ. ರಾವಣನ ಮಾತೃಭಕ್ತಿಯೂ ತಪಸ್ಸೂ ಸುಳ್ಳಲ್ಲ. ಅವನು ಲಿಂಗ ಕಳೆದುಕೊಂಡದ್ದು ನಿತ್ಯಕರ್ಮ ಬಿಡಲಾರದ ನಿಷ್ಠೆಯಿಂದ. ದೇವತೆಗಳು ಗೆದ್ದದ್ದು ಉಪಾಯದಿಂದ. ಬಲಶಾಲಿಯ ಕೈಗೆ ಮಿತಿಯಿಲ್ಲದ ಶಕ್ತಿ ಸೇರಬಾರದು ಎಂಬ ಲೋಕಹಿತ ಒಂದೆಡೆ, ಪ್ರಾಮಾಣಿಕತೆ ಇನ್ನೊಂದೆಡೆ. ಪುರಾಣ ಲೋಕಹಿತದ ಕಡೆ ವಾಲುತ್ತದೆ, ಆದರೆ ಅದಕ್ಕಾಗಿ ಪ್ರಾಮಾಣಿಕತೆ ಸೋತದ್ದನ್ನು ಮುಚ್ಚಿಡುವುದಿಲ್ಲ.

ಚರಿತ್ರೆಯಲ್ಲಿ ಇಕ್ಕಟ್ಟು ಹೆಸರು, ತಾರೀಖುಗಳೊಂದಿಗೆ ಬರುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು. ಸಮುದ್ರದ ನೀರಿನಿಂದ ತಯಾರಿಸಿದ ಹಿಡಿ ಉಪ್ಪನ್ನು ಪೊಟ್ಟಣ ಕಟ್ಟಿ ಜನರೆದುರು ಹರಾಜು ಹಾಕಿದರು. ಅಡುಗೆಮನೆಯ ಅತಿ ಅಗ್ಗದ ವಸ್ತು ಆ ದಿನ ಆತ್ಮಗೌರವದ ಗುರುತಾಯಿತು. ಅದರ ಬೆನ್ನಿಗೆ ಕರನಿರಾಕರಣೆ ಬಂತು. ಕಂದಾಯ ಕೊಡದ ರೈತರ ಜಮೀನು, ದನಕರು, ಪಾತ್ರೆಪಗಡಿಗಳನ್ನು ಸರಕಾರ ಜಪ್ತಿ ಮಾಡಿತು. ಅನ್ನ ಕೊಡುವ ಗದ್ದೆಯೋ, ಸ್ವಾತಂತ್ರ್ಯವೋ ಎಂಬ ಪ್ರಶ್ನೆಗೆ ಅಂಕೋಲೆಯ ಅನೇಕ ಕುಟುಂಬಗಳು ಗದ್ದೆ ಬಿಟ್ಟು ಉತ್ತರ ಕೊಟ್ಟವು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಹೀಗೆ.

ಸಾಹಿತ್ಯ ಈ ಇಕ್ಕಟ್ಟನ್ನು ಒಬ್ಬ ವ್ಯಕ್ತಿಯ ಎದೆಯೊಳಗೆ ತರುತ್ತದೆ. 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಟಾಗೋರರು ಬಂದರು. ಅಲ್ಲಿ ಅವರು ಬರೆದ 'ಪ್ರಕೃತಿರ್ ಪ್ರತಿಶೋಧ್' ನಾಟಕ 1884ರಲ್ಲಿ ಪ್ರಕಟವಾಯಿತು. ಎಲ್ಲ ಬಂಧನ ಕಡಿದುಕೊಂಡೆನೆಂದು ಬೀಗುವ ಸನ್ಯಾಸಿಯೊಬ್ಬ ಗುಹೆಯಿಂದ ಹೊರಬರುತ್ತಾನೆ. ಊರವರು ಮೈಲಿಗೆಯೆಂದು ದೂರವಿಟ್ಟ ರಘುವಿನ ಅನಾಥ ಮಗಳು ಅವನ ಬಳಿ ಬರುತ್ತಾಳೆ. ತನ್ನನ್ನು ಮುಟ್ಟಬಾರದೆಂದು ಅವಳೇ ಎಚ್ಚರಿಸುತ್ತಾಳೆ, ಏಕೆಂದರೆ ಊರು ಅವಳಿಗೆ ಕಲಿಸಿದ್ದು ಅದನ್ನೇ. ಸನ್ಯಾಸಿಗೆ ಮಡಿಮೈಲಿಗೆಯಿಲ್ಲ, ಅವನು ಆಸರೆ ಕೊಡುತ್ತಾನೆ. ಆದರೆ ಮಗುವಿನ ಮೇಲೆ ಮಮತೆ ಹುಟ್ಟುತ್ತಲೇ ವೈರಾಗ್ಯ ಕೆಡುವುದೆಂದು ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ತಪ್ಪು ತಿಳಿದು ಮರಳುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಅಸ್ಪೃಶ್ಯತೆಯೆಂಬ ಸಾಮಾಜಿಕ ರೋಗ, ಮನುಷ್ಯಪ್ರೀತಿಯಿಲ್ಲದ ಮೋಕ್ಷದ ಪೊಳ್ಳುತನ ಎರಡೂ ಇಲ್ಲಿ ಒಂದು ಮಗುವಿನ ಸಾವಿನಲ್ಲಿ ಕೂಡಿಕೊಳ್ಳುತ್ತವೆ. ಮುಂದೆ ಆತ್ಮಕಥನದಲ್ಲಿ ಟಾಗೋರರು ತಮ್ಮ ಒಟ್ಟು ಬರವಣಿಗೆಗೆ ಈ ನಾಟಕವನ್ನು ಪೀಠಿಕೆಯೆಂದು ಕಂಡರು; ಸೀಮೆಯೊಳಗೇ ಅಸೀಮವನ್ನು ಕಾಣುವುದು ಅದರ ತಿರುಳು.

ಈ ಮೂರೂ ಒಂದನ್ನೊಂದು ತಿದ್ದುತ್ತವೆ. ಸ್ಥಳಪುರಾಣ ದೇವರ ಹೆಸರು ಹೇಳುತ್ತದೆ, ಚರಿತ್ರೆ ಮುಂದಾಳುಗಳ ಹೆಸರು ಹೇಳುತ್ತದೆ. ಎರಡರಲ್ಲೂ ಉಳುವವನ ದನಿ ಸಣ್ಣದಾಗುವ ಅಪಾಯವಿದೆ. ಅಂಕೋಲೆ ತಾಲೂಕಿನ ದಿನಕರ ದೇಸಾಯಿ (ಜನನ 1909) ಆ ದನಿಯನ್ನು ಚುಟುಕಗಳಲ್ಲಿ ಹಿಡಿದರು. ಗೇಣಿದಾರರ ಪರ ಹೋರಾಡಿ ಜಿಲ್ಲೆಯಿಂದಲೇ ಗಡೀಪಾರಾದ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಲ್ಲಿ ಶಾಲೆ ತೆರೆದರು. ಸತ್ತ ಮೇಲೆ ತಮ್ಮ ಬೂದಿ ಭತ್ತದ ಗದ್ದೆಗೆ ಗೊಬ್ಬರವಾಗಲಿ ಎಂದು ಕವಿತೆಯಲ್ಲಿ ಆಶಿಸಿದ ಕವಿಯ ಬದುಕೂ ಬರಹವೂ ಒಂದೇ ಮೌಲ್ಯವನ್ನು ನುಡಿದವು. ಮುಂದೆ, ಉಳುವವನಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತು. ಇಂಥ ದನಿ ಹಾಡಿನಲ್ಲೂ ಉಳಿಯಿತು: ಅಂಕೋಲೆಯ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಅಕ್ಷರ ಕಾಣದ ನೂರಾರು ಹಾಡುಗಳನ್ನು ನೆನಪಿನಲ್ಲಿ ಉಳಿಸಿದರು, ಮನೆಗಳನ್ನು ಹಾಳುಮಾಡುತ್ತಿದ್ದ ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಹಾಗಾಗಿ ಯಾವುದೇ ಕಥೆಯ ಮುಂದೆ ಮೂರು ಪ್ರಶ್ನೆ ಇಡಬೇಕು: ಇಲ್ಲಿ ಯಾವ ಮೌಲ್ಯಗಳು ಎದುರಾಗಿವೆ? ನಷ್ಟ ಯಾರ ಪಾಲಿಗೆ ಬಂತು? ಯಾರ ದನಿ ಕೇಳಿಸುತ್ತಿಲ್ಲ? ಈ ಪ್ರಶ್ನೆಗಳು ಹಳೆಯ ಕಥೆಗಳಿಗಷ್ಟೇ ಮೀಸಲಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ-ಅಂಕೋಲೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ಎಷ್ಟೋ ವರ್ಷ ಕೋರ್ಟು ಅಲೆದವು. ದೇಶದ ರಕ್ಷಣೆಯೂ ಮೌಲ್ಯವೇ, ಹುಟ್ಟಿದ ನೆಲದಲ್ಲಿ ಬಾಳುವುದೂ ಮೌಲ್ಯವೇ. ನೌಕಾನೆಲೆಯ ಚರಿತ್ರೆ ಬರೆಯುವವರು ಬಿಟ್ಟುಕೊಟ್ಟವರ ಹೆಸರನ್ನೂ ಬರೆಯಬೇಕು, ಅವರ ಹಾಡು, ಕಥೆಗಳನ್ನೂ ಉಳಿಸಬೇಕು. ಅದಿಲ್ಲದೆ ಆ ಚರಿತ್ರೆ ಪೂರ್ತಿಯಾಗದು.