ಒಂದೇ ಸೂರು, ಬೇರೆ ಒಲೆ

ವಿದ್ಯೆಯನ್ನರಸುವವರು ಒಂದೆಡೆ ಕೂಡಿ ಬಾಳಬೇಕೆಂಬ ನಿಯಮವು ಕೇವಲ ಅನುಕೂಲಕ್ಕಾಗಿ ಹುಟ್ಟಿತೆಂದು ನಾನು ನಂಬಲಾರೆ. ಪಾಠವಷ್ಟೇ ಸಾಕಾಗಿದ್ದರೆ ಶಿಷ್ಯನು ಗುರುವಿನ ಮನೆಗೆ ಹೋಗಿ ಕೇಳಿ ಹಿಂತಿರುಗಬಹುದಾಗಿತ್ತು. ಗುರುವಿನ ಗೋವುಗಳನ್ನು ಕಾಯುವುದೂ ಅಗ್ನಿಗೆ ಸಮಿತ್ತನ್ನು ತರುವುದೂ ಭಿಕ್ಷಾನ್ನವನ್ನು ಮೊದಲು ಅವನ ಮುಂದಿರಿಸುವುದೂ ಆಗ ಬೇಕಾಗುತ್ತಿರಲಿಲ್ಲ. ತೈತ್ತಿರೀಯದ ಶಾಂತಿಮಂತ್ರದಲ್ಲಿ ಗುರುಶಿಷ್ಯರು ರಕ್ಷಣೆಯನ್ನೂ ಪೋಷಣೆಯನ್ನೂ ಕೂಡಿಯೇ ಬೇಡಿಕೊಳ್ಳುತ್ತಾರೆ; ಕೊನೆಯಲ್ಲಿ, ತಮ್ಮ ನಡುವೆ ದ್ವೇಷ ಬಾರದಿರಲೆಂದೂ ಬೇಡುತ್ತಾರೆ. ದಿನಕ್ಕೊಂದು ಗಳಿಗೆ ಎದುರುಬದುರು ಕುಳಿತು ಎದ್ದುಹೋಗುವವರಿಗೆ ಆ ಕಡೆಯ ಪ್ರಾರ್ಥನೆಯ ಅಗತ್ಯವೇ ಇಲ್ಲ. ಅದು ಒಂದೇ ಸೂರಿನಡಿ ಮಲಗಿ, ಒಂದೇ ನೀರು ಕುಡಿದು, ಒಬ್ಬರ ಮುನಿಸನ್ನೊಬ್ಬರು ಸಹಿಸಬೇಕಾದವರ ಪ್ರಾರ್ಥನೆ.

ಯೂರೋಪಿನಲ್ಲಿಯೂ ಕಾಲೇಜೆಂಬ ಸಂಸ್ಥೆಯು ಸಂನ್ಯಾಸಿಮಠದ ನೆರಳಿನಲ್ಲಿಯೇ ಬೆಳೆಯಿತು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಎಂಟನೆಯ ಹೆನ್ರಿ ದೊರೆ 1546ರಲ್ಲಿ ಸ್ಥಾಪಿಸಿದನು. ಅಲ್ಲಿ ಪ್ರಾರ್ಥನಾಮಂದಿರ ಒಂದು ಕಡೆ, ಭೋಜನಶಾಲೆ ಇನ್ನೊಂದು ಕಡೆ, ಅಂಗಳವನ್ನು ಬಳಸಿ ಕೊಠಡಿಗಳು. ಊಟಕ್ಕೆ ಮೊದಲು ಲ್ಯಾಟಿನ್ ಭಾಷೆಯಲ್ಲಿ ದೇವರ ಸ್ಮರಣೆ. ಎತ್ತರದ ಜಗಲಿಯ ಮೇಲೆ ಅಧ್ಯಾಪಕರ ಮೇಜು, ಕೆಳಗೆ ವಿದ್ಯಾರ್ಥಿಗಳ ನೀಳವಾದ ಸಾಲುಗಳು. ಅಧ್ಯಾಪಕರಲ್ಲಿ ಬಹುಮಂದಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಮದುವೆಯಾಗದೆ ಇರಬೇಕಾಗಿತ್ತು. 1871ರ ಶಾಸನದಿಂದ ಮತಪರೀಕ್ಷೆಗಳು ಬಹುಮಟ್ಟಿಗೆ ರದ್ದಾದವು. ಆದರೆ ಸಹವಾಸದ ಕಟ್ಟಳೆ ಸಡಿಲಲಿಲ್ಲ. ಪದವಿಯನ್ನು ಬಯಸುವವನು ಗ್ರೇಟ್ ಸೇಂಟ್ ಮೇರಿ ಚರ್ಚಿನಿಂದ 3 ಮೈಲಿಗಳೊಳಗೆ ನಿಯತಕಾಲ ವಾಸಮಾಡಲೇಬೇಕು. ಎಷ್ಟು ಓದಿದೆ ಎಂಬುದರ ಜೊತೆಗೆ ಎಲ್ಲಿ ಮಲಗಿದೆ ಎಂಬುದನ್ನೂ ವಿಶ್ವವಿದ್ಯಾನಿಲಯವು ಲೆಕ್ಕಕ್ಕೆ ತೆಗೆದುಕೊಂಡಿತು. ದೇವರ ಮೇಲಿನ ನಂಬಿಕೆಯನ್ನು ಐಚ್ಛಿಕವಾಗಿಸಿದವರು ಕೂಡಿಬಾಳುವುದರ ಮೇಲಿನ ನಂಬಿಕೆಯನ್ನು ಮಾತ್ರ ಬಿಡಲೊಪ್ಪಲಿಲ್ಲ. ಇದನ್ನು ನಾನು ಧಾರ್ಮಿಕ ಶ್ರದ್ಧೆಯೆಂದೇ ಕರೆಯುತ್ತೇನೆ.

ಈ ಶ್ರದ್ಧೆಯನ್ನು ತನ್ನ ಇರವಿನಿಂದಲೇ ಪ್ರಶ್ನಿಸಿದ ವಿದ್ಯಾರ್ಥಿ ಶ್ರೀನಿವಾಸ ರಾಮಾನುಜನ್. 1914ರ ಏಪ್ರಿಲಿನಲ್ಲಿ ಇಂಗ್ಲೆಂಡನ್ನು ಸೇರಿದ ಆತನು ಕೆಲವು ವಾರಗಳ ತರುವಾಯ ಟ್ರಿನಿಟಿಯ ಹ್ಯೂವೆಲ್ ಅಂಗಳದ ಕೊಠಡಿಯೊಂದಕ್ಕೆ ಬಂದನು. ಸಮುದ್ರೋಲ್ಲಂಘನದಿಂದ ಆಚಾರ ಅದಾಗಲೇ ಒಮ್ಮೆ ಮುರಿದಿತ್ತು. ಹೊರಡುವ ಮೊದಲೇ ಶಿಖೆಯನ್ನು ತೆಗೆಸಿದ್ದಾಗಿತ್ತು. ಪಂಚೆಯ ಬದಲು ಷರಾಯಿ ಬಂದಿತ್ತು, ಬರಿಗಾಲಿಗೆ ಬೂಟು ಬಂದಿತ್ತು. ಕುಂಭಕೋಣದ ಮನೆಯಿಂದ ತಂದುದರಲ್ಲಿ ಅವನ ವಶದಲ್ಲಿ ಉಳಿದಿದ್ದುದು ಆಹಾರದ ನಿಯಮವೊಂದೇ. ಭೋಜನಶಾಲೆಯ ಊಟವನ್ನು ಅವನು ಮುಟ್ಟಲಿಲ್ಲ. ತನ್ನ ಕೊಠಡಿಯಲ್ಲಿಯೇ ಅನ್ನವನ್ನೂ ಸಾರನ್ನೂ ಬೇಯಿಸಿಕೊಂಡನು. ಲೆಕ್ಕದಲ್ಲಿ ಮುಳುಗಿದ ದಿನಗಳಲ್ಲಿ ಒಲೆ ಹೊತ್ತಿದರೆ ಹೊತ್ತಿತು, ಇಲ್ಲವಾದರೆ ಇಲ್ಲ. ಆಗಸ್ಟಿನಲ್ಲಿ ಮಹಾಯುದ್ಧ ಪ್ರಾರಂಭವಾಗಿ, ನೆವಿಲ್ ಅಂಗಳದ ಕಂಬಸಾಲಿನಲ್ಲಿ ಗಾಯಾಳುಗಳ ಹಾಸಿಗೆಗಳು ಬಿದ್ದವು, ತರುಣರು ರಣರಂಗಕ್ಕೆ ಹೋದರು, ತರಕಾರಿ ದುರ್ಲಭವಾಯಿತು. ಕೂಡಿಬಾಳುವುದಕ್ಕೆಂದೇ ಕಟ್ಟಿದ ಮನೆಯಲ್ಲಿ ಒಬ್ಬನೇ ಉಣ್ಣುವವನ ಒಂಟಿತನವು ಹೀಗೆ ಇಮ್ಮಡಿಯಾಯಿತು.

ಅವನನ್ನು ಕರೆಯಿಸಿಕೊಂಡ ಟ್ರಿನಿಟಿಯ ಗಣಿತಜ್ಞ ಹಾರ್ಡಿಯವರು ನಿರೀಶ್ವರವಾದಿಗಳು. ರಾಮಾನುಜನ್ನನ ಧರ್ಮ ಆಚರಣೆಗೆ ಸಂಬಂಧಿಸಿದ್ದು, ಬುದ್ಧಿಯ ನಿಶ್ಚಯಕ್ಕೆ ಸಂಬಂಧಿಸಿದ್ದಲ್ಲ ಎಂಬುದು ಅವರ ಅಭಿಪ್ರಾಯ. ಎಲ್ಲ ಮತಗಳೂ ಹೆಚ್ಚುಕಡಮೆ ಸಮಾನವಾಗಿ ಸತ್ಯವೆಂದು ಆತನು ತಮಗೆ ಹೇಳಿದುದನ್ನು ಅವರು ಅದಕ್ಕೆ ಆಧಾರವಾಗಿ ಕೊಡುತ್ತಾರೆ. ಹಾರ್ಡಿಯವರ ಪ್ರಾಮಾಣಿಕತೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ಆಚರಣೆ ಒಂದು ಕಡೆ, ನಿಶ್ಚಯ ಇನ್ನೊಂದು ಕಡೆ ಎಂಬ ಈ ವಿಭಾಗವೇ ನಮ್ಮ ನೆಲದಲ್ಲಿ ನಿಲ್ಲುವಂಥದಲ್ಲ. ಎಲ್ಲ ಮತಗಳೂ ಸತ್ಯವೆಂದು ಮನಃಪೂರ್ವಕವಾಗಿ ನಂಬಿ, ತನ್ನ ಮನೆಯ ವ್ರತವನ್ನು ಮಾತ್ರ ಕಡುನಿಷ್ಠೆಯಿಂದ ನಡಸಿದವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿ! ವ್ರತವೆಂಬುದು ಇತರರ ಮೇಲೆ ಕೊಟ್ಟ ತೀರ್ಪಲ್ಲ. ತಾನು ಯಾರ ಮಗ, ಯಾರಿಗೆ ಮಾತು ಕೊಟ್ಟು ಬಂದವನು ಎಂಬುದನ್ನು ದೇಹವು ಮರೆಯದಂತೆ ಕಾಯುವ ಬಗೆ. ತರ್ಕದಿಂದ ಪಡೆದ ನಿಶ್ಚಯವನ್ನು ತರ್ಕವೇ ಕಸಿದುಕೊಳ್ಳಬಹುದು. ನಿತ್ಯವೂ ಕೈಯಾರೆ ನಡಸಿದುದು ಅಷ್ಟು ಸುಲಭವಾಗಿ ಜಾರದು.

ಹಾಗಾದರೆ ಸಹವಾಸದ ತತ್ತ್ವಕ್ಕೆ ಅವನು ಹೊರಗಿನವನಾದನೆ? ಇದಕ್ಕೆ ಉತ್ತರವನ್ನು ಪ್ರಶಾಂತಚಂದ್ರ ಮಹಲನೋಬಿಸರ ಸ್ಮರಣೆಗಳಲ್ಲಿ ನಾನು ಕಾಣುತ್ತೇನೆ. ಅವರು ಆಗ ನೆರೆಯ ಕಿಂಗ್ಸ್ ಕಾಲೇಜಿನ ವಿದ್ಯಾರ್ಥಿ. ಒಂದು ದಿನ ರಾಮಾನುಜನ್ನನ ಕೊಠಡಿಗೆ ಬಂದು, ರಾತ್ರಿ ಬೆಚ್ಚಗಿರುತ್ತದೆಯೆ ಎಂದು ವಿಚಾರಿಸಿದರು. ಇಲ್ಲ, ಚಳಿ ತಡೆಯಲಾರದೆ ಮೇಲಂಗಿ ತೊಟ್ಟು ಶಾಲು ಹೊದ್ದು ಮಲಗುತ್ತೇನೆ ಎಂಬುದು ಉತ್ತರ. ಮಹಲನೋಬಿಸರು ಮಲಗುವ ಕೋಣೆಗೆ ಹೋಗಿ ನೋಡಿದರೆ ಹಾಸಿಗೆಯ ಮೇಲೆ ಕಂಬಳಿಗಳು ಬೇಕಾದಷ್ಟಿದ್ದುವು. ಅಂಚುಗಳನ್ನು ಬಿಗಿಯಾಗಿ ಒಳಕ್ಕೆ ಮಡಿಚಿ, ಮೇಲೊಂದು ಹೊದಿಕೆಯನ್ನು ಹಾಸಿದ್ದರು. ಅವುಗಳನ್ನು ಸರಿಸಿ ಒಳಗೆ ಸೇರಿ ಮಲಗಬೇಕೆಂದು ದಕ್ಷಿಣದೇಶದ ಈ ತರುಣನಿಗೆ ಯಾರೂ ಹೇಳಿರಲಿಲ್ಲ. ಹೇಗೆಂಬುದನ್ನು ಮಹಲನೋಬಿಸರೇ ತೋರಿಸಿಕೊಟ್ಟರು. ಕಾಲೇಜು ಕಂಬಳಿಯನ್ನು ಕೊಟ್ಟಿತ್ತು, ಅದರಲ್ಲಿ ಕೊರತೆಯಿಲ್ಲ. ವ್ಯವಸ್ಥೆಯಿಂದ ಆಗಬಹುದಾದುದೆಲ್ಲ ಆಗಿತ್ತು. ವ್ಯವಸ್ಥೆಯಿಂದ ಆಗದ ಒಂದು ಕೆಲಸಕ್ಕೆ, ರಾತ್ರಿ ಬೆಚ್ಚಗಿರುವೆಯಾ ಎಂದು ಕೇಳುವುದಕ್ಕೆ, ಒಬ್ಬ ಮನುಷ್ಯ ಬೇಕಾಗಿದ್ದನು. ಮೂರು ಮೈಲಿಗಳೊಳಗಿನ ವಾಸದ ಕಟ್ಟಳೆ ಫಲಿಸಿದುದು ಆ ಪ್ರಶ್ನೆಯಲ್ಲಿ ಎಂದು ನನ್ನ ಎಣಿಕೆ.

ಆ ಬೇರೆಯ ಒಲೆಯೂ ಸಹವಾಸಕ್ಕೆ ಸಾಧನವಾಗದೆ ಹೋಗಲಿಲ್ಲ. ಮಹಲನೋಬಿಸರು ಪತ್ರಿಕೆಯೊಂದರ ಗಣಿತಸಮಸ್ಯೆಯನ್ನು ಓದಿ ಹೇಳಿದಾಗ ರಾಮಾನುಜನ್ ಬಾಣಲೆಯಲ್ಲಿ ಪಲ್ಯವನ್ನು ಕೈಯಾಡಿಸುತ್ತಿದ್ದನು. ಕೈ ನಿಲ್ಲಿಸದೆಯೇ ಸಮಸ್ಯೆಯ ಎಲ್ಲ ಉತ್ತರಗಳನ್ನೂ ಒಳಗೊಳ್ಳುವ ಸತತ ಭಿನ್ನರಾಶಿಯೊಂದನ್ನು ಬರೆದುಕೊಳ್ಳೆಂದು ಹೇಳಿದನು. ಇನ್ನೊಂದು ಸಂಜೆ ಅತಿಥಿಗಳಿಗೆ ತಾನೇ ಅಡುಗೆ ಮಾಡಿ ಬಡಿಸಿದನು. ಸಾರನ್ನು ಎರಡಾವರ್ತಿ ಹಾಕಿಸಿಕೊಂಡವರು ಮೂರನೆಯ ಸಲ ಸಾಕೆಂದರು. ಸ್ವಲ್ಪ ಹೊತ್ತಿನಲ್ಲಿ ಆತಿಥೇಯನೇ ಕಾಣೆಯಾಗಿದ್ದನು. ಕೆಲವು ದಿನಗಳಾದ ಮೇಲೆ ಆಕ್ಸ್‌ಫರ್ಡಿನಿಂದ ಅವನ ತಂತಿ ಬಂದಿತು. ಇದನ್ನು ವಿಲಕ್ಷಣ ಸ್ವಭಾವವೆಂದು ಹೇಳಿ ಮುಗಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಪರರ ಮೇಜಿನಲ್ಲಿ ಉಣ್ಣಲಾರದವನಿಗೆ ಸಹಪಂಕ್ತಿಯ ಸುಖಕ್ಕೆ ಉಳಿದಿರುವ ದಾರಿ ತಾನು ಬಡಿಸುವುದೊಂದೇ. ಆ ದಾರಿಯೂ ಮುಚ್ಚಿತೆಂದು ತೋರಿದ ಗಳಿಗೆಯ ವ್ಯಥೆಯನ್ನು ವಾರಾನ್ನದ ಮನೆಗಳಲ್ಲಿ ಉಂಡು ಓದಿದ ನಮ್ಮ ಹಳೆಯ ತಲೆಮಾರಿನವರಾದರೂ ಅರಿಯಬಲ್ಲರು. ಕೊಡಲು ತನ್ನಲ್ಲಿಯೂ ಏನಾದರೂ ಇರಲೆಂಬ ಹಂಬಲ ಉಣ್ಣುವವನ ಮನಸ್ಸಿನಲ್ಲಿ ಎಷ್ಟು ತೀವ್ರವಾಗಿರುತ್ತದೆಂಬುದು ಅವರಿಗೆ ಗೊತ್ತು.

ಇಷ್ಟು ಹೇಳಿದ ಮೇಲೆ ಒಂದು ಕಠಿನವಾದ ಆಕ್ಷೇಪಕ್ಕೆ ಮುಖಗೊಡದೆ ಉಪಾಯವಿಲ್ಲ. ಟ್ರಿನಿಟಿಯಲ್ಲಿ ವ್ರತವಾಗಿ ಕಂಡ ಈ ಬೇರೆಯ ಒಲೆಯೇ ನಮ್ಮ ನಾಡಿನಲ್ಲಿ ಬಹುಕಾಲ ಅನ್ಯಾಯದ ಗೋಡೆಯಾಗಿತ್ತು. ಜಾತಿಗೊಂದು ವಿದ್ಯಾರ್ಥಿನಿಲಯ, ಪಂಕ್ತಿಗೊಂದು ಮಡಿ, ಕೆಲವರಿಗೆ ಹೊರಜಗಲಿಯಲ್ಲಿ ಎಲೆ: ಇವೂ ಶುದ್ಧಿಯ ಹೆಸರಿನಲ್ಲಿಯೇ ನಡೆದುವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದಾಸೋಹದ ಪಂಕ್ತಿಯಲ್ಲಿ ಕುಲವನ್ನು ಕೇಳದೆ ಕುಳಿತುದು ಈ ಮಡಿಗೆ ಕೊಟ್ಟ ಉತ್ತರವೇ ಆಗಿದೆ, ಮತ್ತು ಆ ಉತ್ತರವೇ ಸರಿಯೆಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ರಾಮಾನುಜನ್ನನ ವ್ರತವೂ ಅದೇ ಮೂಲದಿಂದ ಬಂದುದೆಂಬುದನ್ನು ಮರೆಮಾಚಬಾರದು. ಆದರೆ ಒಂದೇ ಆಚಾರವು ಅದನ್ನು ಹಿಡಿದವನ ಸ್ಥಾನಕ್ಕೆ ತಕ್ಕಂತೆ ಅರ್ಥವನ್ನು ಬದಲಿಸುತ್ತದೆ. ಅಧಿಕಾರವುಳ್ಳವನ ಮಡಿ ಇನ್ನೊಬ್ಬನನ್ನು ಎಲೆಯ ಮುಂದಿನಿಂದ ಎಬ್ಬಿಸುತ್ತದೆ. ಪರದೇಶದಲ್ಲಿ ಒಬ್ಬಂಟಿಯಾದವನ ಮಡಿ ಯಾರನ್ನೂ ಎಬ್ಬಿಸಲಾರದು, ಅದರ ಭಾರವೆಲ್ಲ ಅವನ ಮೇಲೆಯೇ. ರಾಮಾನುಜನ್ನನಾದರೋ ಆ ಭಾರವನ್ನು ದೇಹದಿಂದಲೇ ತೆತ್ತನು. 1917ರಲ್ಲಿ ಅವನು ಚಿಕಿತ್ಸಾಲಯಗಳನ್ನು ಸೇರಬೇಕಾಯಿತು. 1918ರ ಅಕ್ಟೋಬರಿನಲ್ಲಿ ಟ್ರಿನಿಟಿಯು ಅವನನ್ನು ತನ್ನ ಫೆಲೋ ಆಗಿ ಆರಿಸಿ, ಎತ್ತರದ ಮೇಜಿನ ಪಂಕ್ತಿಗೆ ಹಕ್ಕುದಾರನನ್ನಾಗಿ ಮಾಡಿದಾಗ ಅವನು ರೋಗಿ. ಮರುವರ್ಷ ತಾಯ್ನಾಡಿಗೆ ಮರಳಿ, 1920ರ ಏಪ್ರಿಲ್ 26ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು.

ಆದುದರಿಂದ ನಮ್ಮ ವಿದ್ಯಾರ್ಥಿನಿಲಯಗಳ ಪಾಲಕರ ಮುಂದೆ ಎರಡು ಕರ್ತವ್ಯಗಳಿವೆ, ಅವೆರಡೂ ಒಂದನ್ನೊಂದು ಎಳೆಯುತ್ತವೆ. ಪಂಕ್ತಿಯಿಂದ ಯಾರನ್ನೂ ಹೊರಗಿಡದಂತೆ ನಿರ್ದಾಕ್ಷಿಣ್ಯವಾಗಿ ನೋಡಿಕೊಳ್ಳಬೇಕು. ಪಂಕ್ತಿಗೆ ಬರಲಾರದ ಹುಡುಗನಿದ್ದರೆ ಅವನನ್ನು ಬಲಾತ್ಕರಿಸಲೂ ಬಾರದು, ಅವನ ಪಾಡಿಗೆ ಅವನನ್ನು ಬಿಟ್ಟುಬಿಡಲೂ ಬಾರದು. ಅವನು ಬಾರದಿರುವುದು ಸಂಕೋಚದಿಂದಲೋ ವ್ರತದಿಂದಲೋ ತಿರಸ್ಕಾರದಿಂದಲೋ ಎಂಬುದು ಹಾಜರಿಪುಸ್ತಕದಿಂದ ತಿಳಿಯತಕ್ಕದ್ದಲ್ಲ. ಸಂಜೆ ಅವನ ಕೊಠಡಿಗೆ ಹೋಗಿ ಕುಳಿತು ಮಾತನಾಡಿಸಿದರೆ ಮಾತ್ರ ತಿಳಿಯುತ್ತದೆ. ತಿರಸ್ಕಾರದಿಂದಾದರೆ ತಿದ್ದಬೇಕು, ಸಂಕೋಚದಿಂದಾದರೆ ಕೈಹಿಡಿದು ಕರೆತರಬೇಕು, ವ್ರತದಿಂದಾದರೆ ಅವನಿಗೊಂದು ಒಲೆಯನ್ನು ಒದಗಿಸಿ, ಸೌದೆಗೂ ಕಾಯಿಪಲ್ಯಕ್ಕೂ ಕೊರತೆಯಾಗದಂತೆ ನೋಡಿಕೊಂಡು, ಅವನು ಕರೆದ ದಿನ ಹೋಗಿ ಬಡಿಸಿದಷ್ಟನ್ನು ಉಂಡು ಬರಬೇಕು.